ಬಣವೆಯ ಕೆಳಗಿನ ಹಗೇವು

“ಅಜ್ಜಾರ, ಬಾಗಲಾ ಎಲ್ಲಿ ಐತಿ ಅನ್ನೂದು ಯಾರಿಗೂ ತಿಳೀದಂಗ ಮಾಡಿದ್ರ ಸಾಕಲ್ಲರಿ?”

ಸಂಜೆಯ ಪೂಜೆ ಮುಗಿದಿತ್ತು. ಮಠದ ಪಡಸಾಲೆಯಲ್ಲಿ ಸ್ವಾಮಿಗಳು ಕುಳಿತಿದ್ದರು. ಆ ಸೀಮೆಯವರು ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಪ್ರಶ್ನೆ ಕೇಳಿದವನು ಶಿಷ್ಯ ಕಲ್ಮೇಶ.

“ಯಾವ ಬಾಗಲಾಪಾ?” ಎಂದರು ಅಜ್ಜನವರು.

ಕಲ್ಮೇಶ ವಿವರಿಸಿದ. ಮಠದ ಜಾಲತಾಣವನ್ನು ನೋಡಿಕೊಳ್ಳುವ ಕೆಲಸ ಅವನದು. ಮಠಕ್ಕೆ ಬಂದು ಉಚಿತವಾಗಿ ಕಣ್ಣು ನೋಡುವ ವೈದ್ಯರು ಯಾವ ದಿನ ಬರುತ್ತಾರೆ ಎಂಬುದು ಅದರಲ್ಲಿ ಪ್ರಕಟವಾಗುತ್ತಿತ್ತು. ದೂರದ ಹಳ್ಳಿಗಳ ಜನ ಅದನ್ನು ನೋಡಿಕೊಂಡೇ ಬಸ್ಸು ಹತ್ತುತ್ತಿದ್ದರು. ಈಚೆಗೆ ಯಾರೋ ಒಳಗೆ ನುಗ್ಗಿ, ವೈದ್ಯರು ಬರುವ ದಿನವನ್ನು ಅಳಿಸಿ, ಅಲ್ಲಿ ಜೂಜಾಟದ ಜಾಹೀರಾತು ಹಾಕಿದ್ದರು. ತಾಣದೊಳಗೆ ಹೋಗಿ ಬರೆಯುವುದಕ್ಕೆ, ತಿದ್ದುವುದಕ್ಕೆ ಒಂದು ಪುಟ ಇರುತ್ತದೆ. ಹೆಸರನ್ನೂ ಗುಪ್ತಪದವನ್ನೂ ಕೊಟ್ಟರೆ ಅದು ಒಳಗೆ ಬಿಡುತ್ತದೆ. ಅಂಥ ಪುಟ ಎಲ್ಲಿರುತ್ತದೆ ಎಂಬುದು ಕೇಡಿಗರಿಗೆಲ್ಲ ಗೊತ್ತು. ಅದಕ್ಕೆ ಕಲ್ಮೇಶ ಅದನ್ನು ಅಲ್ಲಿಂದ ತೆಗೆದು, ಯಾರೂ ಊಹಿಸಲಾಗದ ಒಂದು ವಿಳಾಸದಲ್ಲಿ ಇಟ್ಟಿದ್ದ. ಆ ವಿಳಾಸ ಅವನೊಬ್ಬನಿಗೆ ಗೊತ್ತಿತ್ತು.

“ಬೀಗಾ ಬದಲಿ ಮಾಡಿದೇನು?”

“ಇಲ್ರಿ, ಗುಪ್ತಪದ ಹಳೇದ ಐತಿ. ಬಾಗಲಾನ ಕಾಣೂದಿಲ್ಲಂದಮ್ಯಾಲ ಬೀಗಾ ಯಾಕ್ರಿ?”

“ಪಾರವ್ವ ಏನಂದಳು?”

ಕಲ್ಮೇಶ ತಲೆ ತಗ್ಗಿಸಿದ. ಪಾರವ್ವನ ಹೆಸರನ್ನು ಅವನು ಎತ್ತಿರಲಿಲ್ಲ. ಆಕೆ ಸರಕಾರಿ ದವಾಖಾನೆಯಲ್ಲಿ ದಾದಿಯಾಗಿದ್ದು ನಿವೃತ್ತಳಾದವಳು. ವೈದ್ಯರನ್ನು ಕೇಳಿ, ಅವರು ಬರುವ ದಿನವನ್ನು ತಾಣದಲ್ಲಿ ಬರೆಯುತ್ತಿದ್ದವಳು ಆಕೆಯೇ. ವಾರಕ್ಕೊಮ್ಮೆ ಕಲ್ಮೇಶನ ಕೋಣೆಗೆ ಬಂದು, ಒಂದೊಂದೇ ಅಕ್ಷರ ಒತ್ತುತ್ತ, ಊರಿನ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಿದ್ದಳು. ಬಾಗಿಲು ಎಲ್ಲಿಟ್ಟೆ ಎಂದು ಆಕೆ ಕೇಳಿದಾಗ ಅವನು, ದಿನ ತಿಳಿಸಿರಿ, ನಾನೇ ಹಾಕುತ್ತೇನೆ ಎಂದಿದ್ದ.

“‘ನನಗೂ ಹೇಳೂದಿಲ್ಲೇನೋ? ಜೂಜಿನವಳಂಗ ಕಾಣತೀನೇನು ನಾ?’ ಅಂದ್ರಿ,” ಎಂದ ಕಲ್ಮೇಶ. “ಚಾಷ್ಟಿಗೆ ಅಂದದ್ದು. ನಕ್ಕೋತ ಹೋದ್ರು.”

“ಮತ್ತ ಬಂದಳೇನು?”

“ಇಲ್ರಿ.”

ಅಜ್ಜನವರು, “ಹಗೇವು ನೋಡಿಯೇನು?” ಎಂದು ಕೇಳಿದರು.

“ಕೇಳೀನ್ರಿ. ನೋಡಿಲ್ಲ.”

“ಹಂಗಾರ ಕೇಳು,” ಎಂದು ಅಜ್ಜನವರು ಹೇಳತೊಡಗಿದರು.

ಎರೆಮಣ್ಣಿನ ಸೀಮೆಯಲ್ಲಿ ಒಂದು ಊರು. ಆ ಊರಿನವರು ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಮನೆಯ ಮುಂದೆ ಆಳವಾದ ಕುಣಿ ತೋಡುವುದು, ಒಳಗೆ ಸುತ್ತಲೂ ಹುಲ್ಲು ಹಾಸುವುದು, ಜೋಳ ಸುರಿಯುವುದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಅದಕ್ಕೆ ಹಗೇವು ಎನ್ನುತ್ತಾರೆ. ಅದರ ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಯಾರ ಹಗೇವಿನ ಬಾಯಿ ಎಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಬೀದಿಯಲ್ಲಿ ನಡೆಯುವವರು ಅದರ ಮೇಲೆಯೇ ಕಾಲಿಟ್ಟು ನಡೆಯುತ್ತಿದ್ದರು.

ಹಗೇವು ತೆರೆಯುವ ದಿನ ಓಣಿಯವರನ್ನು ಕರೆಯಬೇಕು. ಅದು ಆ ಊರಿನ ಪದ್ಧತಿ. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದು ಅರ್ಧ ದಿನ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರಿದರೆ ಇನ್ನೂ ಕಾಯಬೇಕು. ಉರಿದರೆ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು, ಇನ್ನೊಬ್ಬ ಮೇಲೆ ನಿಂತು ಹಗ್ಗ ಹಿಡಿಯಬೇಕು. ಹಗ್ಗ ಹಿಡಿಯುವುದರಲ್ಲಿ ಪಳಗಿದ ಒಬ್ಬ ಮುದುಕ ಆ ಓಣಿಯಲ್ಲಿದ್ದ. ಇಳಿದವನ ಜೊತೆ ಅವನು ಮಾತು ನಿಲ್ಲಿಸುತ್ತಿರಲಿಲ್ಲ. “ಏನೋ, ಉಸುರು ಐತೇನು, ಇಲ್ಲಾ ಜ್ವಾಳದಾಗ ನಿದ್ದಿ ಹತ್ತೇತೇನು?” ಎಂದು ಮೇಲಿನಿಂದ ಕೂಗುತ್ತಿದ್ದ. ಕೆಳಗಿನವನು ಬೈದರೆ ಮುದುಕನಿಗೆ ಸಮಾಧಾನ. ಬೈಗುಳ ನಿಂತರೆ ಹಗ್ಗ ಎಳೆಯುತ್ತಿದ್ದ.

ಒಂದು ವರ್ಷ ಸುಗ್ಗಿಗೆ ಮೊದಲೇ ಸುದ್ದಿ ಬಂತು. ಕುದುರೆ ಸವಾರರ ಒಂದು ಗುಂಪು ಊರೂರು ಹೊಕ್ಕು ಹಗೇವು ಒಡೆದು ಜೋಳ ಒಯ್ಯುತ್ತಿದೆ ಎಂದು. ಊರಿನವರು ಸೇರಿದರು. ನಾಲ್ಕು ಜನ ಸೇರದೆ ಅಲುಗದಂಥ ಕಲ್ಲುಗಳನ್ನು ಹಗೇವಿನ ಬಾಯಿಗೆ ಹೇರೋಣ, ಸರದಿಯ ಮೇಲೆ ಕಾಯೋಣ ಎಂದು ಮಾತಾಯಿತು.

ಅಲ್ಲಿದ್ದ ಒಬ್ಬ ರೈತನಿಗೆ ಈ ಮಾತು ಹಿಡಿಸಲಿಲ್ಲ. ಎಲ್ಲರಿಗೂ ಕಾಣುವ ಬಾಯಿಯ ಮೇಲೆ ಎಂಥ ಕಲ್ಲು ಹೇರಿದರೇನು? ಕಾಣದೆ ಇದ್ದರೆ ಕಲ್ಲೇ ಬೇಡ. ಹೀಗೆ ಅವನು ಯೋಚಿಸಿದ. ಆದರೆ ಯಾರಿಗೂ ಹೇಳಲಿಲ್ಲ.

ಊರ ಹೊರಗೆ ಅವನ ಕಣವಿತ್ತು. ಅಲ್ಲಿ ಅವನೊಬ್ಬನೇ ಹೊಸ ಹಗೇವು ತೋಡಿದ. ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊಲದ ಬದುವಿಗೆ ಹಾಕಿದ. ಸುಗ್ಗಿ ಮುಗಿದ ಮೇಲೆ ಜೋಳವನ್ನೆಲ್ಲ ಅದಕ್ಕೆ ತುಂಬಿದ. ಒಬ್ಬನೇ ಎತ್ತಬೇಕಾದ್ದರಿಂದ ಬಾಯಿಗೆ ಕಲ್ಲಿನ ಬದಲು ಹಗುರವಾದ ಒಂದು ಹಲಗೆ ಮುಚ್ಚಿದ. ಅದರ ಮೇಲೆ ಕಣಿಕೆಯ, ಎಂದರೆ ಒಣಗಿದ ಜೋಳದ ದಂಟಿನ, ಬಣವೆ ಒಟ್ಟಿದ. ಬಣವೆಯ ಒಂದು ಮಗ್ಗುಲಲ್ಲಿ ಒಂದೆರಡು ಸಿವುಡು, ಎಂದರೆ ದಂಟಿನ ಕಟ್ಟು, ಸರಿಸಿದರೆ ಒಬ್ಬ ತೆವಳಿಕೊಂಡು ಒಳಗೆ ಹೋಗುವಷ್ಟು ಜಾಗ ಬಿಟ್ಟ. ಒಳಗೆ ಹೋಗಿ ಸಿವುಡನ್ನು ಮತ್ತೆ ಎಳೆದುಕೊಂಡರೆ, ಹೊರಗಿನಿಂದ ನೋಡುವವರಿಗೆ ಅದು ಬರೀ ಬಣವೆ.

ಅವನ ಹೆಂಡತಿ ಒಂದು ದಿನ ಕೇಳಿದಳು. “ಈ ಸಲ ಮನೀ ಮುಂದಿನ ಹಗೇವು ತುಂಬಲಿಲ್ಲ. ಜ್ವಾಳ ಎಲ್ಲಿ ಇಟ್ಟೀರಿ?”

“ಇಡೂದಲ್ಲೆ ಇಟ್ಟೀನಿ.”

“ಅಂದ್ರ ಎಲ್ಲಿ?”

“ನಿನಗ ಹೇಳಿದ್ರ ಬಾಂವಿಗೆ ಹೇಳಿದಂಗ. ನೀರು ಸೇದಾಕ ಬಂದವರೆಲ್ಲ ಒಂದೊಂದು ಕೊಡಾ ಒಯ್ತಾರ.”

ಅವಳು ನಕ್ಕಳು. ಮತ್ತೆ ಕೇಳಲಿಲ್ಲ. ಮನೆಯ ಜೋಳ ಮುಗಿಯುತ್ತ ಬಂದಾಗ ತರುತ್ತೇನೆ ಎಂದು ಅವನು ಹೇಳಿದ್ದ. ಗಂಡ ತರುತ್ತೇನೆ ಎಂದಿದ್ದಾನೆ, ಅವಳಿಗೆ ಅಷ್ಟು ಸಾಕಾಗಿತ್ತು.

ಸವಾರರು ಒಂದು ದಿನ ಬಂದರು. ಬೀದಿಯ ಕಲ್ಲುಗಳನ್ನು ನೋಡಿದರು, ಕೋಲು ಹಿಡಿದು ಕಾಯುತ್ತಿದ್ದ ಜನರನ್ನೂ ನೋಡಿದರು. ಇಲ್ಲಿ ಹೊತ್ತು ಕಳೆಯುವುದು ಬೇಡವೆಂದು ಮುಂದಿನ ಊರಿಗೆ ಹೋದರು. ಊರಿನವರು ನಿಶ್ಚಿಂತರಾದರು. ರೈತ ಮಾತ್ರ ನಿಶ್ಚಿಂತನಾಗಲಿಲ್ಲ. ಅವನು ಕಾಯುತ್ತಿದ್ದುದು ಜೋಳವನ್ನಷ್ಟೇ ಅಲ್ಲ, ಗುಟ್ಟನ್ನು. ಜೋಳ ಕಾಯುವುದಕ್ಕೆ ಊರಿನವರ ನೆರವು ಸಿಗುತ್ತದೆ. ಗುಟ್ಟನ್ನು ಒಬ್ಬನೇ ಕಾಯಬೇಕು. ಅವನು ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟ. ಬೀಗರ ಊರಿಗೆ ಹೋದರೆ ಉಳಿಯದೆ ಹಿಂದಿರುಗುತ್ತಿದ್ದ. ಊಟದ ಹೊತ್ತಿಗೂ ಅವನ ಮನಸ್ಸು ಕಣದಲ್ಲಿರುತ್ತಿತ್ತು. ಹೆಂಡತಿ ಏನಾದರೂ ಕೇಳಿದರೆ ಅವನಿಗೆ ಅದು ಮತ್ತೆ ಅದೇ ಪ್ರಶ್ನೆಯಂತೆ ಕೇಳಿಸುತ್ತಿತ್ತು. ಆದ್ದರಿಂದ ಅವಳೂ ಮಾತು ಕಡಿಮೆ ಮಾಡಿದಳು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬೊಬ್ಬರೇ ಇದ್ದಂತಾಯಿತು.

ಮನೆಯ ಜೋಳ ಮುಗಿಯಿತು. ರೈತ ಚೀಲವನ್ನೂ ಹಗ್ಗವನ್ನೂ ತೆಗೆದುಕೊಂಡು, “ಜ್ವಾಳ ತರತೀನಿ,” ಎಂದು ಹೇಳಿ ಹೊರಟ. ಊರಿನವರು ಹೊಲಗಳಲ್ಲಿದ್ದರು. ಅವನು ಬಣವೆಯೊಳಗೆ ತೆವಳಿ, ಸಿವುಡು ಎಳೆದುಕೊಂಡು, ಹಲಗೆ ತೆಗೆದ.

ಬಾಯಿ ತೆರೆದು ಅರ್ಧ ದಿನ ಬಿಡಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಬಿಟ್ಟರೂ ಬಣವೆಯೊಳಗೆ ಗಾಳಿ ಆಡುವುದು ಎಲ್ಲಿಂದ? ದೀಪ ಇಳಿಸಬೇಕೆಂದೂ ಗೊತ್ತಿತ್ತು. ಸುತ್ತಲೂ ಒಣಗಿದ ಕಣಿಕೆ, ಕಿಡಿ ತಾಗಿದರೆ ಎಲ್ಲವೂ ಬೂದಿ. ಹಗ್ಗ ಹಿಡಿಯಲು ಮುದುಕನನ್ನು ಕರೆಯುವಂತಿರಲಿಲ್ಲ. ಅವನು ಹಗ್ಗವನ್ನು ಒಂದು ಗೂಟಕ್ಕೆ ಕಟ್ಟಿ ಇಳಿದ. ಗೂಟ ಹಗ್ಗವನ್ನು ಬಿಡಲಿಲ್ಲ. ಆದರೆ ಗೂಟ ಮಾತಾಡಿಸುವುದಿಲ್ಲ, ಎಳೆಯುವುದೂ ಇಲ್ಲ.

ಅವನು ಮನೆಗೆ ಬರಲಿಲ್ಲ.

ಹೆಂಡತಿ ಅಂದು ಕಾದಳು. ಮರುದಿನ ಮುದುಕನ ಮನೆಗೆ ಹೋಗಿ ಹೇಳಿದಳು. ಮುದುಕ ಊರಿನವರನ್ನು ಎಬ್ಬಿಸಿದ. ಬಾವಿಗಳಲ್ಲಿ ಕೊಕ್ಕೆಗಳ ಪಾತಾಳಗರಡಿ ಇಳಿಸಿದರು, ಹಳ್ಳದ ಗುಂಟ ಹೋಗಿ ನೋಡಿದರು, ಸಂತೆಯ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿದರು. ಕಣಕ್ಕೂ ಹೋದರು. ಅಲ್ಲಿ ಬಣವೆ ಇತ್ತು. ಅದರ ನೆರಳಲ್ಲಿ ಕುಳಿತು ಬೆವರು ಒರೆಸಿಕೊಂಡು, ಇನ್ನೆಲ್ಲಿ ಹುಡುಕೋಣ ಎಂದು ಮಾತಾಡಿಕೊಂಡು ಎದ್ದರು.

“ಹೋಗುವಾಗ ಏನಂದ?” ಎಂದು ಅವಳನ್ನು ಕೇಳಿದರು.

“ಜ್ವಾಳ ತರತೀನಿ ಅಂದರು.”

“ಎಲ್ಲಿಂದ?”

“ಹೇಳಲಿಲ್ಲ.”

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಮನೆಯ ಜೋಳ ಎಲ್ಲಿದೆ ಎಂಬುದು ಮನೆಯವಳಿಗೇ ಗೊತ್ತಿಲ್ಲ ಎಂದರೆ ನಂಬುವವರು ಯಾರು?

ದಿನ ಕಳೆದಂತೆ ಹುಡುಕುವುದು ನಿಂತಿತು, ಮಾತು ಹುಟ್ಟಿತು. ಬಾವಿಯ ಹತ್ತಿರ ಒಬ್ಬಳು, ಅವಳಿಗೆ ಕೇಳುವಂತೆಯೇ, “ಜ್ವಾಳ ಎಲ್ಲಿ ಐತೋ ಗಂಡನೂ ಅಲ್ಲೇ ಅದಾನ. ಅಲ್ಲಿ ರೊಟ್ಟಿ ಬಡಿಯಾಕ ಒಬ್ಬಾಕಿ ಇರಬೇಕಲ್ಲ?” ಎಂದಳು. ಉಳಿದವರು ನಕ್ಕರು. ಅವಳು ಕೊಡ ತುಂಬಿಕೊಂಡು ಬಂದಳು. ಅಂದಿನಿಂದ ಬೇರೆಯವರು ಯಾರೂ ಇಲ್ಲದ ಹೊತ್ತು ನೋಡಿ ನೀರಿಗೆ ಹೋಗತೊಡಗಿದಳು.

ಅವಳು ಕಂಡವರ ಹೊಲದಲ್ಲಿ ಕಳೆ ಕಿತ್ತಳು. ಕೂಲಿಗೆ ಬಂದ ಜೋಳವನ್ನು ಬೀಸಿ ರೊಟ್ಟಿ ಮಾಡಿದಳು. ಗಂಡನ ಪಾಲಿನ ರೊಟ್ಟಿಯನ್ನೂ ಮಾಡಿ ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು. ಅದು ಒಣಗಿ ಕಟಕಾದ ಮೇಲೆ ತಾನೇ ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಜನ ಅಂದ ಮಾತನ್ನು ಅವಳು ಬಹಳ ಕಾಲ ನಂಬಲಿಲ್ಲ. ಆದರೆ ಒಬ್ಬಳೇ ಇರುವ ಮನೆಯಲ್ಲಿ ಒಂದೇ ಮಾತು ಎಷ್ಟೋ ದಿನ ಸುಳಿದಾಡಿದರೆ ಅದು ನಿಜದಂತೆ ಕೇಳಿಸುವುದಿಲ್ಲವೇ? ತನಗೆ ಹೇಳದೆ ಇಟ್ಟ ಜೋಳ, ತನ್ನೊಡನೆ ಕಡಿಮೆಯಾದ ಮಾತು, ಊಟಕ್ಕೆ ಕುಳಿತಾಗಲೂ ಬೇರೆಲ್ಲೋ ಇರುತ್ತಿದ್ದ ಮನಸ್ಸು. ಎಲ್ಲವೂ ಒಂದೇ ಕಡೆಗೆ ಬೆರಳು ತೋರಿಸಿದವು. ಒಂದು ಬೆಳಿಗ್ಗೆ ಅವಳು ತನ್ನೊಬ್ಬಳಿಗೆ ಸಾಕಾಗುವಷ್ಟೇ ಹಿಟ್ಟು ಕಲಸಿದಳು. ಅಂದು ಅವಳು ಅಳಲಿಲ್ಲ. ಅಳುವುದಕ್ಕೆ ಸತ್ತವನೂ ಅಲ್ಲ, ಕಾಯುವುದಕ್ಕೆ ಬರುವವನೂ ಅಲ್ಲ, ಅಂಥ ಗಂಡನಿಗಾಗಿ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಹಿಂಗಾರಿ ಬಿತ್ತನೆಯ ಕಾಲ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಪರಿಚಿತ ಅವಳ ಮನೆಯ ಮುಂದೆ ಬಂದು ನಿಂತ. ಮೈಯೆಲ್ಲ ಕಣಿಕೆಯ ಧೂಳು. ಒಳಗೆ ಬಾ ಎಂದರೂ ಬರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ.

“ಯವ್ವಾ, ನಿನ್ನ ಗಂಡ ಎಲ್ಲಿಗೂ ಹೋಗಿಲ್ಲ,” ಎಂದ.

ಅವಳು ತಂಬಿಗೆಯನ್ನು ಹೊಸ್ತಿಲ ಮೇಲೆ ಇಟ್ಟಳು.

“ಕಣದಾಗಿನ ಬಣವಿ ಕೆಳಗ ಹಗೇವು ಐತಿ. ಅದರಾಗ ಅದಾನ. ನಾ ಸಿವುಡು ಸರಿಸಿ ಬಾಯಿ ಗಾಳಿಗೆ ಬಿಟ್ಟು ಬಂದೀನಿ. ಈಗ ಯಾರೂ ಇಳೀಬ್ಯಾಡ್ರಿ, ಗಾಳಿ ಇನ್ನೂ ಕೆಟ್ಟೈತಿ.”

“ಊರ ಮಂದಿ ಎಲ್ಲಾ ಹುಡುಕಿದರು,” ಎಂದಳು ಅವಳು. “ಅವರಿಗೆ ಸಿಗಲಿಲ್ಲ. ನಿನಗ ಹೆಂಗ ಸಿಕ್ಕಿತು?”

“ಅವರು ನಿನ್ನ ಗಂಡನ್ನ ಹುಡುಕಿದರು. ನಾ ಜ್ವಾಳ ಹುಡುಕಿದೆ.”

ಆಗ ಅವಳಿಗೆ ಇವನು ಕಳ್ಳನೆಂದು ತಿಳಿಯಿತು. ಒಂದು ಕೂಗು ಹಾಕಿದ್ದರೆ ಓಣಿಯವರು ಓಡಿ ಬಂದು ಅವನ ಕೈಕಾಲು ಮುರಿಯುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಆದರೂ ನಿಂತಿದ್ದ. ಜೋಳ ತುಂಬಿಕೊಂಡು ಹೋಗಲು ಬಂದವನು ಹಗೇವಿನೊಳಗೆ ಕಂಡದ್ದನ್ನು ಹಾಗೆಯೇ ಬಿಟ್ಟು ಹೋಗಲಾರದೆ ಬಂದಿದ್ದ.

“ಬಣವಿ ಕೆಳಗ ಐತಿ ಅಂತ ನಿನಗ ಹೇಳಿದವರು ಯಾರು?”

“ನಿನ್ನ ಗಂಡನ ಕಣ್ಣು,” ಎಂದ ಕಳ್ಳ. “ಸುಗ್ಗಿ ಮುಗದಮ್ಯಾಲೆ ನಾ ನಿಮ್ಮ ಕಣದ ಆಚೀಗೆ ಕುರಿ ಕಾಯಾವನಂಗ ಕುಂತಿದ್ದೆ. ಯಾರು ಆ ಬಣವಿ ಹಂತ್ಯಾಕ ಹೋದರೂ ಅವನ ಕಣ್ಣು ಅವರ ಬೆನ್ನ ಹತ್ತತಿತ್ತು. ಕಣಿಕೀನ ಯಾರೂ ಹಂಗ ಕಾಯೂದಿಲ್ಲ, ಯವ್ವಾ.”

ಅವಳಿಗೆ ಒಂದು ದಿನ ನೆನಪಾಯಿತು. ದನಕ್ಕೆ ಹಾಕಲು ಒಂದು ಸಿವುಡು ತರೋಣವೆಂದು ತಾನೂ ಕಣಕ್ಕೆ ಹೋಗಿದ್ದುಂಟು. ಆಗ ಗಂಡ, ಈ ಬಣವೆ ಬೇಡ, ಮನೆಯ ಹಿತ್ತಿಲಿನದನ್ನು ತೆಗೆ ಎಂದಿದ್ದ. ಅವಳು ತಿರುಗಿ ಬಂದಿದ್ದಳು.

“ನಾ ಹೋದಾಗ?” ಎಂದು ಕೇಳಿದಳು.

ಕಳ್ಳ ನೆಲ ನೋಡಿದ. “ಸುಳ್ಳು ಹೇಳಾಕ ನಾ ಇಲ್ಲಿತನಕ ಬರಲಿಲ್ಲ,” ಎಂದ. “ನೀ ಹೋದಾಗೂ, ಯವ್ವಾ.”

ಅವಳು ಕೂಗು ಹಾಕಲಿಲ್ಲ. ಅವನು ಹೊಲಗಳ ಕಡೆ ಹೊರಟು ಹೋಗುವವರೆಗೂ ನಿಂತಿದ್ದು, ಆಮೇಲೆ ಮುದುಕನ ಮನೆಗೆ ನಡೆದಳು.

ಊರಿನವರು ಬಣವೆಯನ್ನು ಕಿತ್ತು ಹಾಕಿದರು. ಗಾಳಿಗೆ ಬಿಟ್ಟರು. ದೀಪ ಇಳಿಸಿದರು. ಮುದುಕನೇ ಹಗ್ಗ ಹಿಡಿದ. ರೈತನನ್ನು ಮೇಲೆ ತಂದು ಮಲಗಿಸಿದಾಗ ಮುದುಕ ಅಲ್ಲೇ ಕುಸಿದು ಕುಳಿತು, ಸತ್ತವನನ್ನೇ ಬೈಯತೊಡಗಿದ. “ಒಂದು ಮಾತು ಕರದಿದ್ದರ ನಾ ಬರತಿರಲಿಲ್ಲೇನೋ? ನಿಮ್ಮಪ್ಪ ಇಳಿದಾಗ ಹಗ್ಗಾ ಹಿಡದಾಂವ ನಾ ಅಲ್ಲೇನೋ?” ಬೈಯುತ್ತ ಬೈಯುತ್ತ ಅತ್ತ. ಬಾವಿಯ ಹತ್ತಿರ ಆ ಮಾತಾಡಿದ್ದವಳೂ ಬಂದಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ದೂರ ನಿಂತಿದ್ದಳು.

ಹಗೇವಿನಲ್ಲಿ ಜೋಳ ತುಂಬಿದಂತೆಯೇ ಇತ್ತು. ಒಂದು ಕಾಳೂ ಕಳವಾಗಿರಲಿಲ್ಲ.

ರೈತನ ಹೆಂಡತಿ ಗಂಡನ ತಲೆಯ ಬಳಿ ಕುಳಿತಳು. ಗಂಡ ತನ್ನನ್ನು ಬಿಟ್ಟು ಹೋಗಿರಲಿಲ್ಲ ಎಂಬುದು ಅವಳಿಗೆ ತಿಳಿದಿತ್ತು. ಇಷ್ಟು ದಿನ ಅವಳು ದೇವರಲ್ಲಿ ಬೇಡಿದ್ದು ಅದೊಂದನ್ನೇ. ಅದು ಸಿಕ್ಕಿತು. ಅದರ ಜೊತೆಯಲ್ಲಿ ಬೇಡದೆ ಇದ್ದ ಇನ್ನೊಂದೂ, ಕಳ್ಳನ ಕಡೆಯ ಮಾತು, ಸಿಕ್ಕಿತು. ಎರಡನ್ನೂ ಮಡಿಲಲ್ಲಿಟ್ಟುಕೊಂಡು ಅವಳು ಅತ್ತಳು. ಯಾವುದಕ್ಕೆ ಅಳುತ್ತಿದ್ದಾಳೆಂದು ಅಲ್ಲಿ ನೆರೆದವರಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು.

“ತಿಳೀತ್ರಿ ಅಜ್ಜಾರ,” ಎಂದ ಕಲ್ಮೇಶ. “ಹಗುರ ಹಲಗಿ ಹಾಕಿದ್ದು ತಪ್ಪಾತು. ಗುಪ್ತಪದ ಇವತ್ತ ಬದಲಿ ಮಾಡತೀನಿ, ಒಬ್ಬರ ಕೈಲೆ ಮುರೀದಂಥಾದ್ದು ಹಾಕತೀನಿ. ಬಾಗಲಾನೂ ಅಡಗೇ ಇರಲಿ. ಅಂದ್ರ ಕಳ್ಳರದೂ ಚಿಂತಿಲ್ಲ, ನಮ್ಮವರದೂ ಚಿಂತಿಲ್ಲ. ಇಷ್ಟು ದಿನದಾಗ ಪಾರವ್ವಾರು ಒಮ್ಮೆರ ತಿರುಗಿ ಬಂದು ಬಾಗಲಾ ಎಲ್ಲಿ ಐತಿ ಅಂತ ಕೇಳಿಲ್ಲ ನೋಡ್ರಿ.”

ಅಜ್ಜನವರು ಅವನ ಮುಖ ನೋಡಿದರು.

“ಕಳ್ಳ ಬಾಗಲಾ ಹುಡುಕತಾನ, ಕಲ್ಮೇಶ, ನಂಬಿದವರು ಹುಡುಕೂದಿಲ್ಲ.”